ಏನನ್ನೂ ಒತ್ತದಿದ್ದರೂ ಒಳಗೆ ಬರುವ ದೋಷ

ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ತುಮಕೂರು ಜಿಲ್ಲೆಯಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ, ಉಳಿದವರು ಸಹಿಸಿಕೊಳ್ಳಬೇಕು. ಪಾಸ್‌ವರ್ಡ್ ಹೇಗಿರಬೇಕು, ಒಟಿಪಿಯನ್ನು ಯಾರಿಗೂ ಏಕೆ ಹೇಳಬಾರದು ಎಂಬುದನ್ನೆಲ್ಲ ಮತ್ತೆ ಬರೆಯುವ ತಾಳ್ಮೆ ನನಗಿಲ್ಲ.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ಮೂರು ಕಂಪ್ಯೂಟರ್‌ಗಳಿವೆ, ಮೂರರಲ್ಲೂ ವಿಂಡೋಸ್ 7. ಟ್ಯಾಲಿ ಲೆಕ್ಕ ಒಂದರಲ್ಲಿದೆ, ಉಳಿದೆರಡರಿಂದ ಅದನ್ನೇ ತೆರೆಯುತ್ತೇವೆ. ಅಪ್‌ಡೇಟ್ ಹಾಕಿದರೆ ನಿಧಾನವಾಗುತ್ತದೆ ಎಂದು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಅದನ್ನು ಮೊದಲೇ ನಿಲ್ಲಿಸಿದ್ದಾನೆ. ಗೊತ್ತಿಲ್ಲದ ಇಮೇಲ್ ತೆರೆಯುವುದಿಲ್ಲ, ಯಾವ ಲಿಂಕನ್ನೂ ಒತ್ತುವುದಿಲ್ಲ, ಆಂಟಿವೈರಸ್ ಕೂಡ ಇದೆ. ಇಷ್ಟೆಲ್ಲ ಎಚ್ಚರಿಕೆ ಇರುವಾಗ ಅಪಾಯ ಎಲ್ಲಿಂದ ಬರುತ್ತದೆ?

ಉತ್ತರ: ನೀವು ಟ್ಯಾಲಿಗಾಗಿ ತೆರೆದಿಟ್ಟ ಬಾಗಿಲಿನಿಂದಲೇ ಬರುತ್ತದೆ. ಒಂದು ಕಂಪ್ಯೂಟರಿನ ಕಡತವನ್ನು ಇನ್ನೊಂದರಿಂದ ತೆರೆಯಲು ವಿಂಡೋಸ್ ಬಳಸುವ ವ್ಯವಸ್ಥೆಗೆ ಎಸ್‌ಎಂಬಿ ಎಂದು ಹೆಸರು. ಅದು ಜಾಲದಿಂದ ಬರುವವರಿಗಾಗಿ ಇರುವ ಸಂಖ್ಯೆಯ ಬಾಗಿಲುಗಳಲ್ಲಿ ಒಂದಾದ 445ನೇ ಪೋರ್ಟ್‌ನಲ್ಲಿ ಹಗಲೂ ರಾತ್ರಿ ಕಿವಿಗೊಟ್ಟು ಕುಳಿತಿರುತ್ತದೆ. ಅದರ ಮೊದಲ ಆವೃತ್ತಿಯಲ್ಲಿ ಒಂದು ಮೆಮೊರಿ ದೋಷವಿತ್ತು. ಆ ದೋಷವನ್ನು ಬಳಸಿಕೊಂಡ ಅಸ್ತ್ರವೇ ಎಟರ್ನಲ್‌ಬ್ಲೂ. ಇದಕ್ಕೆ ನಿಮ್ಮ ಬೆರಳಿನ ಸಹಾಯ ಬೇಕಿಲ್ಲ. ಕಂಪ್ಯೂಟರ್ ಚಾಲನೆಯಲ್ಲಿದ್ದು ಜಾಲಕ್ಕೆ ಸೇರಿಕೊಂಡಿದ್ದರೆ ಸಾಕು.

ದೋಷ ಏನೆಂದು ಬಿಡಿಸಿ ಹೇಳುತ್ತೇನೆ. ‘ಅದೇನೋ ವೈರಸ್’ ಎಂದು ಕೈಬೀಸಿ ಸುಮ್ಮನಾಗುವವರಿಂದಲೇ ಅರ್ಧ ಅನಾಹುತ ಆಗಿರುವುದು. ಕಡತದ ಜೊತೆಗೆ ಕೆಲವು ಹೆಚ್ಚುವರಿ ವಿವರಗಳ ಪಟ್ಟಿಯನ್ನು ಕಳುಹಿಸಲು ಎಸ್‌ಎಂಬಿಯಲ್ಲಿ ಅವಕಾಶವಿದೆ. ಆ ಪಟ್ಟಿ ಓಎಸ್/2 ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ರೂಪದಲ್ಲಿ ಬಂದರೆ ವಿಂಡೋಸ್ ಅದನ್ನು ತನ್ನ ರೂಪಕ್ಕೆ ಬದಲಾಯಿಸಿಕೊಳ್ಳಬೇಕು. ಓಎಸ್/2 ಎಂಬುದು ಐಬಿಎಂ ಮತ್ತು ಮೈಕ್ರೋಸಾಫ್ಟ್ ಸೇರಿ 1987ರಲ್ಲಿ ಹೊರತಂದದ್ದು. ಮೂವತ್ತು ವರ್ಷದ ನಂತರವೂ ಅದಕ್ಕಾಗಿ ಬರೆದ ಸಾಲುಗಳು ನಿಮ್ಮ ಮಂಡಿಯ ಕಂಪ್ಯೂಟರಿನಲ್ಲಿ ಉಳಿದುಕೊಂಡಿದ್ದವು!

ಪಟ್ಟಿ 65,536 ಬೈಟ್ ಇದೆ ಎಂದು ಕಳುಹಿಸುವವನು ಹೇಳುತ್ತಾನೆ. ವಿಂಡೋಸ್ ಒಂದೊಂದೇ ವಿವರವನ್ನು ಪರೀಕ್ಷಿಸಿ, ಕೊನೆಯದು ಗಡಿ ದಾಟುತ್ತದೆಂದು ಕಂಡುಕೊಂಡು, ಸರಿಯಿರುವುದು 65,373 ಬೈಟ್ ಮಾತ್ರ ಎಂದು ತಿದ್ದಲು ಹೊರಡುತ್ತದೆ. ಆ ಸಂಖ್ಯೆ ಕುಳಿತಿರುವುದು 32 ಬಿಟ್‌ಗಳ ಜಾಗದಲ್ಲಿ. ತಿದ್ದಿದ್ದು ಕೆಳಗಿನ 16 ಬಿಟ್‌ಗಳನ್ನು ಮಾತ್ರ. ಖಾತೆ ಪುಸ್ತಕದಲ್ಲಿ 10,000 ಇದ್ದದ್ದನ್ನು 9,950 ಮಾಡಲು ಹೋದ ಗುಮಾಸ್ತ, ಸೊನ್ನೆಗಳ ಜಾಗದಲ್ಲಿ 9950 ಬರೆದು ಮುಂದಿನ 1 ಅನ್ನು ಹೊಡೆದುಹಾಕಲು ಮರೆತರೆ 19,950 ಆಗುವುದಿಲ್ಲವೇ, ಹಾಗೆ. ಕಡಿಮೆಯಾಗಬೇಕಾಗಿದ್ದ ಅಳತೆ 1,30,909ಕ್ಕೆ ಏರಿತು.

ಇಲ್ಲಿಯವರೆಗೆ ಅದು ಬರೀ ತಪ್ಪು ಲೆಕ್ಕ. ಅಪಾಯ ಮುಂದಿನ ಹೆಜ್ಜೆಯಲ್ಲಿದೆ. ಪಟ್ಟಿಯನ್ನು ಇಳಿಸಲು ಮೆಮೊರಿಯಲ್ಲಿ ಜಾಗ ಹಿಡಿದದ್ದು ಸರಿಯಾದ ಚಿಕ್ಕ ಲೆಕ್ಕಕ್ಕೆ, ನಕಲು ಮಾಡಿದ್ದು ತಪ್ಪಾದ ದೊಡ್ಡ ಲೆಕ್ಕಕ್ಕೆ. ಹೆಚ್ಚಾದದ್ದು ಪಕ್ಕದ ಜಾಗದ ಮೇಲೆ ಬೀಳುತ್ತದೆ. ಆ ಪಕ್ಕದ ಜಾಗ ಕರ್ನಲ್‌ನದು, ಅಂದರೆ ಇಡೀ ಯಂತ್ರವನ್ನು ಆಳುವ ಭಾಗದ್ದು. ಅಲ್ಲಿ ಏನು ಬೀಳಬೇಕೆಂದು ಮೊದಲೇ ಹೊಂದಿಸಿ ಕಳುಹಿಸಿದವನಿಗೆ ನಿಮ್ಮ ಕಂಪ್ಯೂಟರಿನ ಮೇಲೆ ನಿಮಗಿಂತ ಹೆಚ್ಚಿನ ಅಧಿಕಾರ ಸಿಗುತ್ತದೆ. ಅವನ ಪ್ರಯತ್ನ ಕೈಕೊಟ್ಟರೆ ನಿಮಗೆ ನೀಲಿ ಪರದೆ ಕಾಣುತ್ತದೆ, ಯಶಸ್ವಿಯಾದರೆ ಏನೂ ಕಾಣುವುದಿಲ್ಲ. ಡಿಸ್ಕ್‌ಗೆ ಒಂದು ಕಡತವೂ ಇಳಿಯುವ ಮೊದಲೇ ಇಷ್ಟೆಲ್ಲ ಮುಗಿದಿರುತ್ತದೆ. ನಿಮ್ಮ ಆಂಟಿವೈರಸ್ ಬಗ್ಗೆ ಈಗ ನೀವೇ ಯೋಚಿಸಿ.

ಮೈಕ್ರೋಸಾಫ್ಟ್ ಇದಕ್ಕೆ ತೇಪೆ, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಕೊಟ್ಟದ್ದು 2017ರ ಮಾರ್ಚ್ 14ರಂದು. ಅಮೆರಿಕದ ಎನ್‌ಎಸ್‌ಎ ಬೇಹುಗಾರಿಕೆ ಸಂಸ್ಥೆಯಿಂದ ಸೋರಿದ ಈ ಅಸ್ತ್ರವನ್ನು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಬಹಿರಂಗಪಡಿಸಿದ್ದು ಏಪ್ರಿಲ್ 14ರಂದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ವನ್ನಾಕ್ರೈ ಎಂಬ ಹುಳು ಅದನ್ನು ಬಳಸಿಕೊಂಡು ಲೋಕವನ್ನೆಲ್ಲ ಸುತ್ತಿದ್ದು ಮೇ 12ರಂದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಮದ್ದು ಬಂದು ಸುಮಾರು ಎರಡು ತಿಂಗಳಾದ ಮೇಲೆ ಕಾಯಿಲೆ ಬಂದದ್ದು! ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ನಿಮ್ಮದೇ ವಿಂಡೋಸ್ 7 ಯಂತ್ರಗಳು, ತೇಪೆ ಹಾಕದೆ ಉಳಿದವು. ‘ಅಪ್‌ಡೇಟ್ ನಿಲ್ಲಿಸಿದರೆ ಕಂಪ್ಯೂಟರ್ ಚುರುಕಾಗುತ್ತದೆ’ ಎನ್ನುವ ಅಳಲೆಕಾಯಿ ಪಂಡಿತರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ನಿಮ್ಮ ಹುಡುಗ ಒಳ್ಳೆಯವನೇ ಇರಬಹುದು, ಆದರೆ ಈ ವಿಷಯದಲ್ಲಿ ಅವನ ಮಾತು ಕೇಳಬೇಡಿ.

‘ಮಂಡಿಯ ಇಂಟರ್‌ನೆಟ್ ರೌಟರ್ ಮೂಲಕ ಬರುತ್ತದೆ, ಹೊರಗಿನವರು 445ನೇ ಪೋರ್ಟ್ ಮುಟ್ಟಲಾರರು’ ಎಂದು ಯಾರಾದರೂ ತಿಳಿದವರು ವಾದಿಸಬಹುದು. ಸಾಮಾನ್ಯವಾಗಿ ಅದು ನಿಜ. ಆದರೆ ಜಿಎಸ್‌ಟಿ ತುಂಬಲು ಬರುವ ಲೆಕ್ಕಿಗರ ಲ್ಯಾಪ್‌ಟಾಪ್ ಎಲ್ಲೆಲ್ಲಿ ಸುತ್ತಿ ಬಂದು ನಿಮ್ಮ ವೈಫೈಗೆ ಸೇರುತ್ತದೆ? ಒಳಗೆ ಒಂದು ಸೋಂಕಿನ ಯಂತ್ರ ಬಂದರೆ ಅದು ಅದೇ ಜಾಲದ ಉಳಿದೆಲ್ಲ ಯಂತ್ರಗಳ 445ನೇ ಪೋರ್ಟನ್ನು ತಾನೇ ತಟ್ಟಿ ನೋಡುತ್ತದೆ. ಹುಳುವಿನ ಸ್ವಭಾವವೇ ಅದು.

ಈಗ ಮಾಡಬೇಕಾದದ್ದು. ಟ್ಯಾಲಿ ಲೆಕ್ಕದ ಒಂದು ಪ್ರತಿಯನ್ನು ಇಂದೇ ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದು, ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟ ಡಿಸ್ಕಿನಲ್ಲಿರುವುದನ್ನೂ ವನ್ನಾಕ್ರೈ ಬೀಗ ಹಾಕುತ್ತದೆ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸ್ಥಾಪಿತ ಅಪ್‌ಡೇಟ್‌ಗಳ ಪಟ್ಟಿ ತೆರೆದು ಕೆಬಿ 4012212 ಅಥವಾ ಕೆಬಿ 4012215 ಇದೆಯೇ ನೋಡಿ. ನಂತರದ ತಿಂಗಳುಗಳ ಒಟ್ಟು ಅಪ್‌ಡೇಟ್ ಇದ್ದರೆ ಈ ತೇಪೆ ಅದರೊಳಗೇ ಇರುತ್ತದೆ, ಸಂಖ್ಯೆ ಕಾಣಲಿಲ್ಲವೆಂದು ಮತ್ತೆ ಪತ್ರ ಬರೆಯಬೇಡಿ. ಪಟ್ಟಿ 2017ಕ್ಕಿಂತ ಮೊದಲೇ ನಿಂತುಹೋಗಿದ್ದರೆ, ತೇಪೆ ಹಾಕುವವರೆಗೆ ಜಾಲದ ತಂತಿ ಕಿತ್ತಿಡಿ.

ಇಷ್ಟಾದರೂ ಆ ಯಂತ್ರಗಳನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಆಮೇಲೆ ಸಿಕ್ಕ ದೋಷಗಳು ನಿಮ್ಮಲ್ಲಿ ಹಾಗೆಯೇ ಇವೆ. ಹೊಸ ಯಂತ್ರ ದುಬಾರಿ ಎನ್ನುತ್ತೀರಿ, ಒಂದು ಟೆಂಡರ್ ದಿನ ಲೆಕ್ಕವೇ ತೆರೆಯದಿದ್ದರೆ ಎಷ್ಟಾಗುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ವೇಬ್ರಿಡ್ಜ್ ತಂತ್ರಾಂಶ ವಿಂಡೋಸ್ 7ರಲ್ಲಿ ಮಾತ್ರ ನಡೆಯುತ್ತದೆ ಎಂಬ ಕಾರಣವಿದ್ದರೆ ಆ ಒಂದನ್ನು ಇಟ್ಟುಕೊಳ್ಳಿ, ಆದರೆ ಯಾವ ಜಾಲಕ್ಕೂ ಸೇರಿಸದೆ ಒಂಟಿಯಾಗಿ.

ಹೊಸ ಯಂತ್ರ ಬಂದ ಮೇಲೆ ಇನ್ನೊಂದು ಅಪಾಯ ಕಾದಿರುತ್ತದೆ. ವಿಂಡೋಸ್ 10ರ 1709ನೇ ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಹಳೆಯ ಎಸ್‌ಎಂಬಿ 1ರಲ್ಲಿ ಹೊರಗಿನಿಂದ ಬರುವುದನ್ನು ಸ್ವೀಕರಿಸುವ ಭಾಗ ತಾನಾಗಿ ಬರುವುದಿಲ್ಲ. ಹಳೆಯ ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ನೇರವಾಗಿ ಫೋಲ್ಡರ್‌ಗೆ ಬೀಳುತ್ತಿಲ್ಲವೆಂದು ಯಾರಾದರೂ ಬಂದು ಅದನ್ನು ಮತ್ತೆ ಚಾಲೂ ಮಾಡಿ ಹೋಗುತ್ತಾರೆ. ಬಿಡಬೇಡಿ. ಸ್ಕ್ಯಾನನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡರಾಯಿತು.

ಪ್ರಶ್ನೆ: ಎರಡು ಜಿಬಿ ರ‍್ಯಾಮ್ ಇದೆ. ಎಂಟಕ್ಕೆ ಏರಿಸಿದರೆ ಈ ಮೆಮೊರಿ ದೋಷ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. (ಗುಬ್ಬಿ)

ಉತ್ತರ: ಅಂಗಡಿ ಬದಲಾಯಿಸಿ.

ಪ್ರಶ್ನೆ: ಫಾರ್ಮ್ಯಾಟ್ ಮಾಡಿಸಿದರೆ ಸಾಕಲ್ಲವೇ? (ಶಿರಾ)

ಉತ್ತರ: ಅದೇ ಹಳೆಯ ಸಿಡಿಯಿಂದ ಮತ್ತೆ ಹಾಕಿದರೆ ಅದೇ ಹಳೆಯ ದೋಷವೂ ಮತ್ತೆ ಬರುತ್ತದೆ. ಇದ್ದ ತೇಪೆಗಳು ಹೋಗಿರುತ್ತವೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಲಿನಕ್ಸ್ ಹಾಕಿಕೊಂಡರೆ ಇಂಥ ತೊಂದರೆಯೇ ಇಲ್ಲವಂತೆ, ನಿಜವೇ? (ಕುಣಿಗಲ್)

ಉತ್ತರ: ಸುಳ್ಳು. 2016ರಲ್ಲಿ ಬಯಲಾದ ‘ಡರ್ಟಿ ಕೌ’ ಎಂಬ ಮೆಮೊರಿ ದೋಷ ಲಿನಕ್ಸ್ ಕರ್ನಲ್‌ನಲ್ಲಿ 2007ರಿಂದ ಅಡಗಿತ್ತು. ಸಿ ಭಾಷೆಯಲ್ಲಿ ಬರೆದ ಕರ್ನಲ್‌ಗಳಿಗೆಲ್ಲ ಈ ಪಾಡು ಇದ್ದದ್ದೇ. ತಾವು ಪ್ರತಿವರ್ಷ ದಾಖಲಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್‌ನವರೇ 2019ರಲ್ಲಿ ಹೇಳಿದ್ದರು. ಲಿನಕ್ಸ್ ಹಾಕಿಕೊಳ್ಳಿ, ಬೇಡ ಎನ್ನುವುದಿಲ್ಲ, ಆದರೆ ಅದಕ್ಕೂ ಅಪ್‌ಡೇಟ್ ಬೇಕು.

ಪ್ರಶ್ನೆ: ಬೀಗ ಬಿದ್ದರೆ ಕೇಳಿದಷ್ಟು ಹಣ ಕೊಟ್ಟು ಬಿಡಿಸಿಕೊಳ್ಳಬಹುದೇ? (ಮಧುಗಿರಿ)

ಉತ್ತರ: ಕೊಡಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಬೀರುವಿನ ಡಿಸ್ಕ್ ತೆಗೆಯಿರಿ. ಡಿಸ್ಕ್ ಇಲ್ಲ ಎಂದರೆ ನನ್ನ ಬಳಿ ಬೇರೆ ಉತ್ತರವಿಲ್ಲ.

ಪ್ರಶ್ನೆ: ಮಗಳ ಓದಿಗೆಂದು ಕೊಂಡ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಅದನ್ನೂ ಎಸೆಯಬೇಕೇ? (ತುಮಕೂರು)

ಉತ್ತರ: ಎಸೆಯಬೇಡಿ. ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಜ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಪಡೆಯುವ ಯೋಜನೆ ಇದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ತಕ್ಕಷ್ಟು ಹೊಸ ಪ್ರೊಸೆಸರ್ ಬೇಕು. ಇದ್ದರೆ ಉಚಿತವಾಗಿ ಏರಿಸಿಕೊಳ್ಳಿ. ಇಲ್ಲದಿದ್ದರೆ ‘ಏನಾದರೂ ಮಾಡಿ ಹಾಕಿಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.