ಮಗುವನ್ನು ಊರಲ್ಲಿ ಬಿಟ್ಟುಹೋಗುವ ಮುನ್ನ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಡಿಕೇರಿಯ ನನ್ನ ಆಪ್ತಸಲಹಾ ಕೊಠಡಿಗೆ ಒಂದು ಬಗೆಯ ಕುಟುಂಬಗಳು ಪ್ರತಿ ವರ್ಷವೂ ಬರುತ್ತವೆ. ಜರ್ಮನಿಯಲ್ಲೋ ಕೆನಡಾದಲ್ಲೋ ಐರ್ಲೆಂಡಿನಲ್ಲೋ ನೆಲೆಸಿರುವ ಮಗ-ಸೊಸೆ ಅಥವಾ ಮಗಳು-ಅಳಿಯ ಡಿಸೆಂಬರ್ ರಜೆಗೆ ಊರಿಗೆ ಬಂದಿರುತ್ತಾರೆ, ಜೊತೆಯಲ್ಲಿ ಇನ್ನೂ ಶಾಲೆಗೆ ಸೇರದ ಮಗುವೊಂದು ಇರುತ್ತದೆ, ಮರಳಿ ಹೋಗುವಾಗ ಆ ಮಗುವನ್ನು 'ಒಂದೆರಡು ವರ್ಷದ ಮಟ್ಟಿಗೆ' ಅಜ್ಜ-ಅಜ್ಜಿಯ ಬಳಿ ಬಿಟ್ಟುಹೋಗುವ ಮಾತು ಮನೆಯಲ್ಲಿ ಎದ್ದಿರುತ್ತದೆ. ನನ್ನ ಬಳಿಗೆ ಬರುವಷ್ಟರಲ್ಲಿ ತೀರ್ಮಾನ ಮುಕ್ಕಾಲು ಪಾಲು ಆಗಿಹೋಗಿರುತ್ತದೆ; ಅವರು ಕೇಳುವುದು ಸಲಹೆಯನ್ನಾದರೂ ಬಯಸುವುದು ಒಪ್ಪಿಗೆಯನ್ನು. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ನಾನು ಆ ಒಪ್ಪಿಗೆ ಕೊಡಲಿಲ್ಲ. ಅದಕ್ಕೆ ಸಹೋದ್ಯೋಗಿಗಳಿಂದಲೂ ಆಕ್ಷೇಪ ಬಂದಿದ್ದರಿಂದ ಕಾರಣಗಳನ್ನು ವಿವರವಾಗಿ ಹೇಳಬೇಕೆನಿಸಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಕುಟುಂಬದ ಅನುಮತಿಯನ್ನೂ ಪಡೆದಿದ್ದೇನೆ.

ಸೋಮವಾರಪೇಟೆ ಕಡೆಯ ಮನೆ. ಸಾಧಾರಣ ಗಾತ್ರದ ಕಾಫಿ ತೋಟ, ನಡುವೆ ಕಾಳುಮೆಣಸು. ಒಬ್ಬನೇ ಮಗ, ಎಂಜಿನಿಯರ್, ಕೆಲವು ವರ್ಷಗಳಿಂದ ಜರ್ಮನಿಯಲ್ಲಿದ್ದಾರೆ. ಸೊಸೆ ಮೈಸೂರಿನವರು, ಅಲ್ಲಿಗೆ ಹೋದ ಮೇಲೆ ಭಾಷೆ ಕಲಿತು, ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಜರ್ಮನಿಯಲ್ಲಿ 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಜಾಗ ಪಡೆಯುವ ಕಾನೂನುಬದ್ಧ ಹಕ್ಕಿದೆ. ಹಕ್ಕಿರುವುದು ಬೇರೆ, ಮನೆಯ ಹತ್ತಿರ ಜಾಗ ಸಿಗುವುದು ಬೇರೆ. ಬಹಳ ಕಾದ ಮೇಲೆ ಇವರಿಗೆ ಸಿಕ್ಕಿತು, ಸಿಕ್ಕ ಬೆನ್ನಲ್ಲೇ ಕಾಯಿಲೆಗಳು ಶುರುವಾದವು. ನೆಗಡಿ, ಜ್ವರ, ಕಿವಿನೋವು, ಭೇದಿ ಒಂದರ ಹಿಂದೊಂದು ಬಂದವು. ಹೊಸದಾಗಿ ಶಿಶುವಿಹಾರಕ್ಕೆ ಸೇರಿದ ಮಕ್ಕಳಿಗೆ ಮೊದಲ ಚಳಿಗಾಲ ಹೀಗೇ ಇರುತ್ತದೆಂದು ಯಾವ ಮಕ್ಕಳ ವೈದ್ಯರಾದರೂ ಹೇಳುತ್ತಾರೆ, ಆದರೆ ಹಾಗೆ ಹೇಳಿದ ಮಾತ್ರಕ್ಕೆ ಮಧ್ಯಾಹ್ನ ಬರುವ ಫೋನ್ ನಿಲ್ಲುವುದಿಲ್ಲ. ಜ್ವರ ಬಂದ ಮಗುವನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ. ಫೋನ್ ಬಂದಾಗಲೆಲ್ಲ ಕೆಲಸ ಬಿಟ್ಟು ಓಡಿದವರು ತಾಯಿ. ಅವರು ಪ್ರೊಬೇಷನ್‌ನಲ್ಲಿದ್ದರು. ಅಲ್ಲಿ ಆ ಅವಧಿ ಆರು ತಿಂಗಳವರೆಗೂ ಇರಬಹುದು, ಅಷ್ಟರಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ಬಿಡಿಸಬಹುದು.

ಮಗಳನ್ನು ಕರೆದೊಯ್ಯುವುದು, ಮಗನನ್ನು ಇಲ್ಲೇ ಬಿಡುವುದು ಎಂಬ ತೀರ್ಮಾನಕ್ಕೆ ಮನೆಯವರೆಲ್ಲ ಬಂದಿದ್ದರು. ನನ್ನ ಬಳಿಗೆ ಬಂದದ್ದು ತಾಯಿಗೆ ರಾತ್ರಿ ನಿದ್ದೆ ಬಾರದೆ, ಹಗಲಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು ಎಂಬುದಕ್ಕಾಗಿ. 'ನಿರ್ಧಾರವೇನೋ ಆಗಿದೆ, ಇವಳಿಗೆ ಸ್ವಲ್ಪ ಧೈರ್ಯ ಹೇಳಿ ಮೇಡಂ' ಎಂಬುದು ಮಾವನವರು ಇಟ್ಟ ಕೋರಿಕೆ.

ಎರಡನೆಯ ಭೇಟಿಗೆ ಮೊಮ್ಮಗಳನ್ನು ಮನೆಯಲ್ಲಿ ಬಿಟ್ಟು ಉಳಿದವರೆಲ್ಲ ಬಂದಿದ್ದರು. ಮಗು ನೆಲದ ಮೇಲೆ ಮರದ ತುಂಡುಗಳನ್ನು ಪೇರಿಸುತ್ತಿತ್ತು. ಬಾಯಾರಿಕೆಯಾಗಿ ಎದ್ದಾಗ ತಾಯಿ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ಮಗು ಅದನ್ನು ಕುಡಿಯದೆ ಹಾಗೇ ಒಯ್ದು ಅಜ್ಜಿಯ ಮಡಿಲಲ್ಲಿಟ್ಟು, ಅವರು ಕುಡಿಸುವವರೆಗೆ ಕಾದು ನಿಂತಿತು. ಮಾವನವರು ನಕ್ಕು, "ನೋಡಿದ್ರಾ ಮೇಡಂ, ಬಂದು ಒಂದು ತಿಂಗಳಾಗಿಲ್ಲ, ಹೇಗೆ ಒಗ್ಗಿಕೊಂಡಿದ್ದಾನೆ," ಎಂದರು. ತಾಯಿ ಬಾಟಲಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದರು.

ಮಗುವನ್ನು ಬಿಟ್ಟುಹೋಗುವ ವಿಷಯವನ್ನು ಇನ್ನೊಮ್ಮೆ ಯೋಚಿಸಬಹುದೇ ಎಂದು ನಾನು ಕೇಳಿದ್ದಕ್ಕೆ ಮಾವನವರ ಉತ್ತರ ಸಿದ್ಧವಾಗಿತ್ತು: "ಇವನನ್ನ ಗಾಳಿಬೀಡಿನ ನವೋದಯಕ್ಕೆ ಆರನೇ ಕ್ಲಾಸಿಗೆ ಬಿಟ್ಟುಬಂದವನು ನಾನೇ. ಗೇಟಿನ ಹತ್ತಿರ ಅತ್ತ. ಕೆಟ್ಟುಹೋದನಾ? ಜರ್ಮನಿಗೆ ಹೋದ." ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೈನ್ಯದಲ್ಲಿದ್ದ ತಂದೆ, ತೋಟದಿಂದ ಮೈಲುಗಟ್ಟಲೆ ದೂರದ ಶಾಲೆ, ಜೂನ್‌ನಿಂದ ಆಗಸ್ಟ್‌ವರೆಗೆ ಬಿಡದೆ ಸುರಿಯುವ ಮಳೆ, ಇವುಗಳ ನಡುವೆ ಮಕ್ಕಳನ್ನು ಅಜ್ಜಿಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟು ಓದಿಸಿದ ಜಿಲ್ಲೆ ಕೊಡಗು. ಹಾಗೆ ಬೆಳೆದವರಲ್ಲಿ ಬಹಳಷ್ಟು ಜನ ಚೆನ್ನಾಗಿಯೇ ಬಾಳಿದ್ದಾರೆ. ಆದರೆ ಹನ್ನೊಂದು ವರ್ಷದ ಹುಡುಗ ದಸರಾ ರಜೆಗೆ ಇನ್ನೆಷ್ಟು ದಿನವೆಂದು ಗೋಡೆಯ ಮೇಲೆ ಗೆರೆ ಎಳೆದು ಲೆಕ್ಕ ಇಡಬಲ್ಲ, ತಂದೆಯ ಮೇಲಿನ ಸಿಟ್ಟನ್ನು ಮಾತಿನಲ್ಲಿ ಹೇಳಬಲ್ಲ, ಹೇಳದಿದ್ದರೂ ತಾನು ಸಿಟ್ಟಾಗಿದ್ದೇನೆಂದು ತಿಳಿದಿರಬಲ್ಲ. ಎರಡೂವರೆ ವರ್ಷದ ಮಗುವಿಗೆ ನಾಳೆಯೂ ಮುಂದಿನ ವರ್ಷವೂ ಒಂದೇ. ಪಕ್ಕದ ಕೋಣೆಗೆ ಹೋದ ತಾಯಿಗೂ ವಿಮಾನ ಹತ್ತಿದ ತಾಯಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದು ಕಾದು ಕಾದು ಸೋತ ಮೇಲೆ.

ಸೋತ ಮೇಲೆ ಏನಾಗುತ್ತದೆ ಎಂಬುದನ್ನು 1950ರ ದಶಕದಲ್ಲೇ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಗುರುತಿಸಿದ್ದರು. ತಂದೆತಾಯಿಯಿಂದ ಬೇರೆಯಾದ ಪುಟ್ಟ ಮಕ್ಕಳು ಮೊದಲು ಅತ್ತು ಪ್ರತಿಭಟಿಸುತ್ತಾರೆ, ಆಮೇಲೆ ಮಂಕಾಗುತ್ತಾರೆ, ಕೊನೆಗೆ ಶಾಂತರಾಗಿ ಎಲ್ಲರೊಂದಿಗೂ ಬೆರೆಯತೊಡಗುತ್ತಾರೆ; ಆ ಮೂರನೆಯ ಹಂತವನ್ನು ಕಂಡು ಸುತ್ತಲಿನವರು 'ಹೊಂದಿಕೊಂಡಿತು' ಎಂದು ನೆಮ್ಮದಿಪಡುತ್ತಾರೆ, ಆದರೆ ತಾಯಿ ಎದುರಿಗೆ ಬಂದಾಗ ಮಗು ಮುಖ ತಿರುಗಿಸುತ್ತದೆ. ಅವರು ನೋಡಿದ್ದು ಹೆಚ್ಚಾಗಿ ಆಸ್ಪತ್ರೆ ಮತ್ತು ವಸತಿ ಶಿಶುಪಾಲನಾ ಕೇಂದ್ರಗಳಲ್ಲಿದ್ದ ಮಕ್ಕಳನ್ನು. ಅಜ್ಜಿಯ ಮನೆ ಆಸ್ಪತ್ರೆಯಲ್ಲ, ಅಲ್ಲಿ ಎತ್ತಿಕೊಳ್ಳುವ ಕೈ ದಿನಕ್ಕೊಂದರಂತೆ ಬದಲಾಗುವುದಿಲ್ಲ ಎಂಬುದನ್ನು ನಾನು ಆ ದಿನವೂ ಹೇಳಿದೆ, ಈಗಲೂ ಒಪ್ಪುತ್ತೇನೆ. ಪ್ರೀತಿಸುವ ಅಜ್ಜಿಯಿದ್ದರೆ ಪೆಟ್ಟು ಬಹಳ ಮಟ್ಟಿಗೆ ತಗ್ಗುತ್ತದೆ. ಇಲ್ಲೇ ಮಾತು ನಿಂತುಹೋಗಬಹುದಿತ್ತು, ಮಾವನವರು ಗೆದ್ದಂತೆಯೂ ಆಗುತ್ತಿತ್ತು.

ಅಷ್ಟು ಹೊತ್ತು ಬಾಯಿಬಿಡದೆ ಕುಳಿತಿದ್ದ ಅತ್ತೆ ಆಗ ಮಾತಾಡಿದರು. "ಸಾಕೋದು ನನಗೆ ಕಷ್ಟ ಅಲ್ಲ ಮೇಡಂ. ಎರಡು ವರ್ಷ ಆದಮೇಲೆ ಇವನು ನನ್ನ ಸೆರಗು ಹಿಡ್ಕೊಂಡು ನಾ ಹೋಗಲ್ಲ ಅಂದಾಗ, ಆ ಕೈ ಬಿಡಿಸೋರು ಯಾರು? ನಾನೇ ಬಿಡಿಸಬೇಕಲ್ಲ." ಆಮೇಲೆ ತಮ್ಮ ಅಣ್ಣನ ಮಗಳ ವಿಷಯ ಹೇಳಿದರು. ಆಕೆಯ ತಾಯಿಗೆ ದೀರ್ಘ ಕಾಯಿಲೆಯಾಗಿ, ಕೈಗೂಸಾಗಿದ್ದ ಹುಡುಗಿಯನ್ನು ಇವರೇ ತಂದು ಸಾಕಿದ್ದರು. ಐದನೆಯ ವರ್ಷಕ್ಕೆ, ಶಾಲೆಗೆ ಸೇರಿಸಬೇಕೆಂದು ಅಣ್ಣ ಬಂದು ಕರೆದುಕೊಂಡು ಹೋದರು. "ಜೀಪಿನಲ್ಲಿ ಕೂರಿಸಿದವಳು ನಾನೇ. ಆಮೇಲೆ ಅವಳು ಅಮ್ಮನ ಕೈಯಲ್ಲಿ ಊಟ ಮಾಡಲಿಲ್ಲವಂತೆ, ಅದು ಸರಿ. ನಾನು ನೋಡೋಕೆ ಹೋದರೆ ನನ್ನ ಹತ್ತಿರಾನೂ ಬರಲಿಲ್ಲ. ಬಾಗಿಲ ಹಿಂದೆ ನಿಂತ್ಕೊಂಡಳು. ಈಗ ಅವಳಿಗೇ ಎರಡು ಮಕ್ಕಳು, ಇವತ್ತಿಗೂ ನನ್ನ ಹತ್ತಿರ ಬಂದರೆ ನೆಂಟರ ಥರ ಕೂತು ಎದ್ದು ಹೋಗ್ತಾಳೆ."

ಮಗ ಬೆರಗಾಗಿ, "ಅಮ್ಮ, ಇದನ್ನ ಮನೇಲಿ ಹೇಳಲೇ ಇಲ್ಲವಲ್ಲ," ಎಂದರು. "ಕೇಳಿದ್ರೆ ತಾನೆ? ಸಾಕ್ತೀಯಾ ಅಂತ ಕೇಳಿದ್ರಿ. ಸಾಕ್ತೀನಿ ಅಂದೆ."

ಇಂಥ ನಿರ್ಧಾರಗಳಲ್ಲಿ ಚರ್ಚೆಯಾಗುವುದೆಲ್ಲ ಬಿಟ್ಟುಹೋಗುವ ದಿನದ ಬಗ್ಗೆ. ಕರೆದೊಯ್ಯುವ ದಿನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಜ್ಜಿ ಎಷ್ಟು ಚೆನ್ನಾಗಿ ಸಾಕುತ್ತಾರೋ ಎರಡನೆಯ ಅಗಲಿಕೆ ಅಷ್ಟು ಕಠಿಣವಾಗುತ್ತದೆ, ಆಗ ಮಗು ಕಳೆದುಕೊಳ್ಳುವುದು ತನಗೆ ಚೆನ್ನಾಗಿ ಗೊತ್ತಿರುವ ತಾಯಿಯನ್ನೇ, ಹೋಗಿ ಸೇರುವುದು ಫೋನಿನ ಪರದೆಯಲ್ಲಿ ಕಂಡ ಇಬ್ಬರನ್ನು. ನಾನು ಪುಸ್ತಕದ ಆಧಾರದಿಂದ ಹೇಳಬೇಕೆಂದಿದ್ದ ವಿಷಯವನ್ನು ಆಕೆ ಅನುಭವದಿಂದ ಹೇಳಿದ್ದರಿಂದ, ಮಾವನವರೂ ಆ ಕ್ಷಣಕ್ಕೆ ಎದುರಾಡಲಿಲ್ಲ.

ಅಂದು ನಾನು ಕೊಟ್ಟ ಸಲಹೆ ನೇರವಾಗಿತ್ತು: ಮಗುವನ್ನು ಬಿಡಬೇಡಿ, ಇಬ್ಬರನ್ನೂ ಕರೆದುಕೊಂಡೇ ಹೋಗಿ. ಅದರ ಜೊತೆ ಒಂದು ವ್ಯಾವಹಾರಿಕ ಸಂಗತಿಯನ್ನೂ ಗಮನಕ್ಕೆ ತಂದೆ. ಜರ್ಮನಿಯ ವಾಸದ ಪರವಾನಗಿ ಇರುವವರು ಆರು ತಿಂಗಳೊಳಗೆ ಅಲ್ಲಿಗೆ ಮರಳದಿದ್ದರೆ ಸಾಮಾನ್ಯವಾಗಿ ಆ ಪರವಾನಗಿ ರದ್ದಾಗುತ್ತದೆ. ಉನ್ನತ ಶಿಕ್ಷಣ ಪಡೆದ ಹೊರದೇಶದ ನೌಕರರಿಗೆ ಕೊಡುವ 'ಬ್ಲೂ ಕಾರ್ಡ್' ಪರವಾನಗಿ ಹೊಂದಿದವರಿಗೂ ಅವರ ಕುಟುಂಬದವರಿಗೂ ಈ ಗಡುವು ಹನ್ನೆರಡು ತಿಂಗಳು. ಎರಡು ವರ್ಷ ಇಲ್ಲಿದ್ದ ಮಗುವಿಗೆ ಮತ್ತೆ ಮೊದಲಿನಿಂದ ವೀಸಾ ಮಾಡಿಸಬೇಕು, ಅಂದರೆ 'ಎರಡು ವರ್ಷ' ಎಂಬುದು ಅಪ್ಪ-ಅಮ್ಮ ಹಾಕಿಕೊಂಡ ಲೆಕ್ಕವಾಗಿ ಉಳಿಯದೆ ಕಚೇರಿಯ ಕಡತಗಳ ಪಾಲಾಗುತ್ತದೆ. ದಂಪತಿಗೆ ಇದು ಗೊತ್ತಿರಲಿಲ್ಲ.

ಮೂರನೆಯ ಭೇಟಿ ಮಗುವಿನ ತಂದೆಯ ಜೊತೆ ಮಾತ್ರ. ಕಳೆದ ಚಳಿಗಾಲದಲ್ಲಿ ಮಗುವಿಗೆ ಹುಷಾರಿಲ್ಲದಾಗ ನೀವು ಎಷ್ಟು ದಿನ ರಜೆ ಹಾಕಿದಿರಿ ಎಂದು ಕೇಳಿದೆ. ಒಂದೂ ಇಲ್ಲ. ಅಲ್ಲಿ ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ತಂದೆತಾಯಿಗೆ, ಕಾಯಿಲೆ ಬಿದ್ದ ಮಗುವನ್ನು ನೋಡಿಕೊಳ್ಳಲು 2024 ಮತ್ತು 2025ರಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 15 ಕೆಲಸದ ದಿನಗಳ ಭತ್ಯೆ ಇತ್ತು, ಅದೂ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ. ಮಕ್ಕಳ ಪಾಲನೆಯ ರಜೆಯ ಅವಧಿಯಲ್ಲಿ ವಾರಕ್ಕೆ 32 ಗಂಟೆಯವರೆಗೆ ಅರೆಕಾಲಿಕವಾಗಿ ದುಡಿಯುವ ಅವಕಾಶವೂ ಇದೆ. ಇವು ತಾಯಿಗೆ ಮಾತ್ರ ಎಂದು ಅವರು ತಿಳಿದಿದ್ದರು ಎನ್ನುವುದಕ್ಕಿಂತ, ಹಾಗೆ ತಿಳಿದುಕೊಂಡಿರುವುದು ಅನುಕೂಲವಾಗಿತ್ತು ಎನ್ನಬೇಕು. ವೀಸಾ ತನ್ನ ಕೆಲಸದ ಮೇಲೆ ನಿಂತಿದೆ, ಹೊರದೇಶದವನಾಗಿ ಪದೇ ಪದೇ ರಜೆ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಭಯವನ್ನೂ ಅವರು ಹೇಳಿಕೊಂಡರು. ಅದು ಸುಳ್ಳು ಭಯವಲ್ಲ. ಆದರೆ ಆ ಭಯದ ಬೆಲೆಯನ್ನು ಎರಡೂವರೆ ವರ್ಷದವನು ತೆರಬೇಕೇ ಎಂದು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ತಾಯಿಯನ್ನು ಮನೋವೈದ್ಯರ ಬಳಿಗೂ ಕಳಿಸಿದೆ, ಏಕೆಂದರೆ ನಿದ್ದೆಯಿಲ್ಲದ ಅಷ್ಟು ತಿಂಗಳುಗಳನ್ನು ಮಾತಿನಿಂದಷ್ಟೇ ಸರಿಪಡಿಸಲು ಹೊರಡುವುದು ಆಪ್ತಸಲಹೆಗಾರರ ಅಹಂಕಾರವಾಗುತ್ತದೆ.

ಮಗುವನ್ನು ಅಜ್ಜಿಯ ಬಳಿಗೆ ಕಳಿಸುವ ಬದಲು ಅಜ್ಜಿಯನ್ನು ಮಗುವಿನ ಬಳಿಗೆ ಕಳಿಸುವುದು ನನ್ನ ಇನ್ನೊಂದು ಸಲಹೆ. ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು, ಹಾಗಾಗಿ ಎರಡು ಕಡೆಯ ಅಜ್ಜ-ಅಜ್ಜಿಯರು ಸರದಿ ಹಾಕಿಕೊಂಡರೆ ವರ್ಷದ ಬಹುಭಾಗ ಮನೆಯಲ್ಲಿ ಒಬ್ಬ ಹಿರಿಯರಿರುತ್ತಾರೆ. ತೊಡಕಿದ್ದದ್ದು ಋತುಗಳಲ್ಲಿ: ಅಲ್ಲಿ ಮಕ್ಕಳು ಕಾಯಿಲೆ ಬೀಳುವ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಇಲ್ಲಿ ಅರೇಬಿಕಾ, ಆಮೇಲೆ ರೊಬಸ್ಟಾ ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ಒಣಗುತ್ತಿರುವಾಗ ತೋಟದವರು ಮನೆ ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಚಳಿಗಾಲಕ್ಕೆ ತೋಟವಿಲ್ಲದ ಮೈಸೂರಿನ ತಾಯಿ-ತಂದೆ, ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ಏಪ್ರಿಲ್‌ನಿಂದ ಜೂನ್‌ವರೆಗೆ ಇವರು ಎಂದು ಸೂಚಿಸಿದೆ. ಮಾವನವರಿಗೆ ಇದು ಹಿಡಿಸಲಿಲ್ಲ. ಮಗನ ಮನೆಯಲ್ಲಿ ಬೀಗರು ಮೂರು ತಿಂಗಳು ಇರುವುದೇ ಎಂಬ ಪ್ರಶ್ನೆಗೆ, ನಿಜ ಹೇಳಬೇಕೆಂದರೆ, ಮಗುವಿನ ಪ್ರಶ್ನೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಆ ಮಾತಿನ ನಡುವೆಯೇ ಅವರು, "ಸಂಜೆ ಆರರ ಮೇಲೆ ನಮ್ಮ ಮನೇಲಿ ಮಾತಾಡೋದು ಟಿವಿ ಒಂದೇ," ಎಂದರು. ಮೊಮ್ಮಗ ಬೇಕೆಂಬ ಹಟದ ಹಿಂದೆ ಇದ್ದದ್ದು ಏನೆಂದು ಆಗ ಗೊತ್ತಾಯಿತು. ತೋಟದ ಮನೆಗಳಲ್ಲಿ ಒಂಟಿಯಾಗಿ ಉಳಿದ ಹಿರಿಯರ ಸಂಕಟ ದೊಡ್ಡದು, ಅದಕ್ಕೆ ಪ್ರತ್ಯೇಕವಾಗಿ ಪರಿಹಾರ ಹುಡುಕಬೇಕು. ಮಗುವನ್ನು ಮದ್ದಿನಂತೆ ಬಳಸಲಾಗದು ಎಂದು ಅವರಿಗೇ ಹೇಳಿದೆ. ಕೋಪಿಸಿಕೊಂಡರು.

ಆಪ್ತಸಲಹೆಗಾರರು ದಾರಿ ತೋರಬೇಕೇ ಹೊರತು ಹೀಗೇ ಮಾಡಿ ಎನ್ನಬಾರದು ಎಂಬುದು ಸಹೋದ್ಯೋಗಿಗಳ ಆಕ್ಷೇಪ. ದೊಡ್ಡವರ ಬದುಕಿನ ಬಗ್ಗೆ ನಾನೂ ಹಾಗೆಯೇ ನಡೆದುಕೊಳ್ಳುತ್ತೇನೆ. ಆದರೆ ಇಲ್ಲಿ ಯಾರ ಬದುಕಿನ ಬಗ್ಗೆ ನಿರ್ಧಾರವಾಗುತ್ತಿತ್ತೋ ಆತ ನೆಲದ ಮೇಲೆ ಕುಳಿತು ಮರದ ತುಂಡು ಪೇರಿಸುತ್ತಿದ್ದ, ಕೊಠಡಿಯಲ್ಲಿದ್ದವರಲ್ಲಿ ಅವನ ಪರವಾಗಿ ಮಾತಾಡಬೇಕಾದ ಹೊಣೆ ನನ್ನದೇ ಆಗಿತ್ತು. ದಣಿದ ತಾಯಂದಿರ ಮೇಲೆ ಇನ್ನಷ್ಟು ಅಪರಾಧಿ ಭಾವ ಹೇರುತ್ತೀರಿ ಎಂದೂ ಕೆಲವರು ಹೇಳುತ್ತಾರೆ. ಹೊರೆಯನ್ನು ತಾಯಿಯಿಂದ ಇಳಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದು ತಂದೆಯ ಹೆಗಲನ್ನು ದಾಟಿ ನೇರವಾಗಿ ಸೋಮವಾರಪೇಟೆಯ ಅಜ್ಜಿಯ ಹೆಗಲಿಗೆ ಏಕೆ ಬರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಅವರು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದರು, ಮೈಸೂರಿನ ಅಜ್ಜಿ ಜೊತೆಗೆ ಹೋದರು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ತಂದೆ ರಜೆ ಹಾಕುತ್ತಿದ್ದಾರೆ, ಅದರ ಬಗ್ಗೆ ಗೊಣಗುತ್ತಲೂ ಇದ್ದಾರೆ. ತಾಯಿಗೆ ನಿದ್ದೆ ಬರುತ್ತಿದೆ. ಈಗ ಹಟ ಶುರುಮಾಡಿರುವುದು ದೊಡ್ಡ ಮಗಳು. ಮಾವನವರು ನನ್ನ ಸಲಹೆಯನ್ನು ಇನ್ನೂ ಒಪ್ಪಿಲ್ಲ.

ಆಯ್ಕೆಯೇ ಇಲ್ಲದ ಕುಟುಂಬಗಳೂ ಇವೆ. 2024ರ ಮಾರ್ಚ್ 11ರ ನಂತರ ಬ್ರಿಟನ್‌ಗೆ ಹೊಸದಾಗಿ ಆರೈಕೆ ಕೆಲಸಕ್ಕೆ ಹೋದವರು ಗಂಡ ಅಥವಾ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಕರೆದೊಯ್ಯುವಂತಿರಲಿಲ್ಲ. ಹಾಗೆ ಒಂಟಿಯಾಗಿ ಹೋದ ತಾಯಿಗೆ ಮೇಲಿನ ಸಲಹೆಯನ್ನು ಹೇಳುವುದು ಕ್ರೌರ್ಯ. ಅಂಥವರಿಗೆ ನಾನು ಹೇಳುವುದು ಬೇರೆ. ಮಗು ಒಂದೇ ಮನೆಯಲ್ಲಿ, ಒಬ್ಬರೇ ಮುಖ್ಯ ಪಾಲಕರ ಕೈಯಲ್ಲಿ ಇರಲಿ, ತಿಂಗಳಿಗೊಮ್ಮೆ ಆ ಅಜ್ಜಿ ಈ ಅಜ್ಜಿ ಎಂದು ತಿರುಗಿಸಬೇಡಿ. ಹೊರಡುವಾಗ ಮಗು ಮಲಗಿದ್ದಾಗ ಕದ್ದು ಹೋಗಬೇಡಿ. ಅತ್ತರೂ ಪರವಾಗಿಲ್ಲ, ಹೇಳಿಯೇ ಹೋಗಿ. ವಿಡಿಯೊ ಕರೆಯಲ್ಲಿ 'ಅಮ್ಮನಿಗೆ ಮುತ್ತು ಕೊಡು' ಎಂದು ಒತ್ತಾಯಿಸುವ ಬದಲು, ಮಗು ಊಟಮಾಡುವ ಹೊತ್ತಿಗೆ ಕರೆ ಮಾಡಿ ಸುಮ್ಮನೆ ಜೊತೆಗಿರಿ. ಮರಳಿ ಕರೆದೊಯ್ಯುವ ಕಾಲ ಬಂದಾಗ ಒಂದು ವಾರದ ರಜೆಯಲ್ಲಿ ಬಂದು ಎತ್ತಿಕೊಂಡು ಹೋಗಬೇಡಿ. ಕೆಲವು ವಾರ ಅಜ್ಜಿಯ ಮನೆಯಲ್ಲೇ ಇದ್ದು, ಸ್ನಾನ, ಊಟ, ಮಲಗಿಸುವುದು ಇವನ್ನು ಒಂದೊಂದಾಗಿ ಅಜ್ಜಿಯ ಕೈಯಿಂದ ವಹಿಸಿಕೊಳ್ಳಿ, ಸಾಧ್ಯವಾದರೆ ಅಜ್ಜಿಯೂ ಅದೇ ವಿಮಾನದಲ್ಲಿ ಬಂದು ಮೊದಲ ತಿಂಗಳು ಜೊತೆಗಿದ್ದು ಆಮೇಲೆ ಹಿಂತಿರುಗಲಿ. ಅವರ ಟಿಕೆಟ್‌ನ ಖರ್ಚನ್ನು ಮಗುವನ್ನು ಬಿಟ್ಟುಹೋಗುವ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.