ಬಿಸಿಲಿದೆ, ಬಿಸಿನೀರಿಲ್ಲ

ಪ್ರಶ್ನೆ: ನಮ್ಮದು ಎರಡಂತಸ್ತಿನ ಮನೆ. ಮಹಡಿ ಮೇಲೆ 200 ಲೀಟರಿನ ಟ್ಯೂಬ್ ಸೋಲಾರ್ ಇದೆ. ಇಷ್ಟು ವರ್ಷ ನೀರು ಸುಡುವಷ್ಟು ಬಿಸಿ ಬರುತ್ತಿತ್ತು. ದೀಪಾವಳಿಗೆ ಮೊದಲು ಬಾತ್‌ರೂಮ್ ಹೊಸದಾಗಿ ಮಾಡಿಸಿ, ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕಿಸಿದೆವು. ಅಲ್ಲಿಂದೀಚೆಗೆ ಬರೀ ಉಗುರುಬೆಚ್ಚಗಿನ ನೀರು. ಮೆಕ್ಯಾನಿಕ್ ಬಂದು, ಟ್ಯೂಬೆಲ್ಲ ಹೋಗಿವೆ, ಬದಲಾಯಿಸಿ ಅಂದರು. ವಯಸ್ಸಾದ ಅತ್ತೆಗೆ ಈ ಚಳಿಯಲ್ಲಿ ತುಂಬಾ ಕಷ್ಟ. ಏನು ಮಾಡಲಿ ಸಾರ್?
– ಓದುಗರೊಬ್ಬರು, ತುಮಕೂರು

ಉತ್ತರ: ಟ್ಯೂಬಿಗೆ ಈಗಲೇ ದುಡ್ಡು ಕೊಡಬೇಡಿ ಅಮ್ಮ. ಟ್ಯೂಬುಗಳು ಒಂದೊಂದಾಗಿ ಕೆಡುತ್ತವೆ. ಪಂಪ್ ಹಾಕಿದ ವಾರವೇ ಎಲ್ಲವೂ ಒಟ್ಟಿಗೆ ಕೈಕೊಟ್ಟವು ಅಂದರೆ ನಾನಂತೂ ಒಪ್ಪುವುದಿಲ್ಲ. ಇಂಥ ಮನೆಗಳಲ್ಲಿ ನಾನು ಮೊದಲು ಅನುಮಾನಪಡುವುದು ಪಂಪನ್ನೇ.

ಸೋಲಾರ್ ನೀರು ಇಳಿಯುವುದು ತನ್ನ ಭಾರಕ್ಕೆ ತಾನೇ. ಅದರ ಒತ್ತಡ ಕಮ್ಮಿ. ನಿಮ್ಮ ತಣ್ಣೀರಿಗೆ ಈಗ ಪಂಪಿನ ಒತ್ತಡ ಇದೆ. ಇವೆರಡೂ ಸೇರುವ ಜಾಗ ಬಾತ್‌ರೂಮಿನ ಮಿಕ್ಸರ್. ಎರಡೂ ತಿರುಪು ತೆರೆದಿಟ್ಟು, ಕೈ ಶವರಿನ ಗುಂಡಿಯಿಂದ ಮಾತ್ರ ನೀರು ನಿಲ್ಲಿಸುವ ಅಭ್ಯಾಸ ಇದೆಯಾ ನೋಡಿ. ಹಾಗಿದ್ದರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಮೇಲೇರಿ ಸೋಲಾರ್ ಟ್ಯಾಂಕಿಗೇ ಹೋಗುತ್ತದೆ. ದಿನವೆಲ್ಲ ಕಾದ ನೀರು ಹಾಳು. ಒಂದೇ ಹಿಡಿಯ ಮಿಕ್ಸರ್ ಆದರೆ ಒಳಗೆ ಬಿಸಿ-ತಣ್ಣೀರು ಬೆರೆಸುವ ಕಾರ್ಟ್ರಿಜ್ ಎಂಬ ಭಾಗ ಸವೆದಿದ್ದರೂ ಹೀಗಾಗುತ್ತದೆ.

ಮಹಡಿಗೆ ಹೋಗಿ ಏರ್ ವೆಂಟ್ ಪೈಪ್ ನೋಡಿ. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆದ್ದು ತುದಿ ಬಾಗಿರುತ್ತದಲ್ಲ, ಅದೇ. ಅದರ ಕೆಳಗೆ ನೆಲ ಒದ್ದೆಯಾಗಿದೆಯಾ? ಬೋರ್‌ವೆಲ್ ನೀರಾದರೆ ಬಿಳೀ ಉಪ್ಪಿನ ಕಲೆ ಕಟ್ಟಿರುತ್ತದೆ. ಹೊಸದಾಗಿ ಹೀಗಾಗಿದ್ದರೆ ನೀರು ಕೆಳಗಿನಿಂದ ಹಿಮ್ಮುಖವಾಗಿ ಬರುತ್ತಿರುವ ಸಾಧ್ಯತೆ ಜಾಸ್ತಿ.

ಇನ್ನೂ ಖಚಿತವಾಗಬೇಕು ಅಂದರೆ, ಸೋಲಾರಿನಿಂದ ಹೊರಡುವ ಬಿಸಿನೀರಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ. ಪಂಪ್ ಆನ್ ಇರಲಿ. ಕೆಳಗೆ ಅಡುಗೆಮನೆಯ ಬಿಸಿನೀರಿನ ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದಿದ್ದು ಸುರಿದು ನೀರು ನಿಂತುಹೋಗಬೇಕು. ನಿಲ್ಲದೆ ತಣ್ಣಗೆ ಬರುತ್ತಲೇ ಇದ್ದರೆ ಕಳ್ಳದಾರಿ ಇದೆ ಅಂತ ಅರ್ಥ. ಈಗ ಒಂದೊಂದೇ ಬಾತ್‌ರೂಮಿನ ತಣ್ಣೀರಿನ ಆ್ಯಂಗಲ್ ಕಾಕ್ (ಗೋಡೆಯಲ್ಲಿರುವ, ನೀರು ನಿಲ್ಲಿಸುವ ಚಿಕ್ಕ ವಾಲ್ವ್) ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ನೀರು ನಿಲ್ಲುತ್ತದೋ ಅಲ್ಲೇ ಕಾಯಿಲೆ. ಪರೀಕ್ಷೆ ಮುಗಿದ ಮೇಲೆ ಗೇಟ್ ವಾಲ್ವ್ ತೆರೆಯಲು ಮರೆಯಬೇಡಿ.

ಸಿಕ್ಕಿತು ಅಂದರೆ, ಮಿಕ್ಸರಿಗೆ ಬರುವ ಬಿಸಿನೀರಿನ ಪೈಪಿಗೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಪ್ಲಂಬರ್‌ಗಳು ಎನ್‌ಆರ್‌ವಿ ಅನ್ನುತ್ತಾರೆ. ಕೈ ಶವರ್ ಆದ ಮೇಲೆ ಮಿಕ್ಸರಿನ ಎರಡೂ ತಿರುಪು ಮುಚ್ಚುವುದನ್ನು ಮನೆಯವರಿಗೆಲ್ಲ ಹೇಳಿ. ಯಾರಾದರೂ ಪಂಪಿನ ಲೈನನ್ನು ಸೋಲಾರಿನ ತಣ್ಣೀರಿನ ಪೈಪಿಗೇ ಜೋಡಿಸೋಣ ಅಂದರೆ ದಯವಿಟ್ಟು ಬೇಡ. ಮಾಮೂಲಿ ಟ್ಯೂಬ್ ಸೋಲಾರ್ ಟ್ಯಾಂಕ್ ಆ ಒತ್ತಡ ತಡೆಯುವುದಿಲ್ಲ, ಒಡೆಯಬಹುದು.

ಟ್ಯೂಬನ್ನೂ ನೀವೇ ಪರೀಕ್ಷಿಸಬಹುದು. ತಳದ ತುದಿ ಕನ್ನಡಿ ಥರ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಒಳಗಿನ ನಿರ್ವಾತ ಸರಿಯಾಗಿದೆ. ಹೊಳಪು ಹೋಗಿ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ಒಂದು ಟ್ಯೂಬ್ ಬದಲಾಯಿಸಿದರೆ ಸಾಕು. ಒಳಗೆ ಉಪ್ಪು ಕಟ್ಟಿದ್ದರೆ ತೊಳೆಸಿ, ಆದರೆ ಬಿಸಿಲೇರುವ ಮುಂಚೆ. ಬಿಸಿಲಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಪಟ್ ಅಂತ ಸೀಳುತ್ತದೆ. ಟ್ಯಾಂಕಿನಲ್ಲಿ ಕರೆಂಟಿನ ಬ್ಯಾಕಪ್ ಕಾಯಿಲ್ ಇದ್ದರೆ ಅದರ ಎಂಸಿಬಿ (ಕರೆಂಟ್ ಬೋರ್ಡಿನ ಸ್ವಿಚ್) ಇಳಿಸದೆ ಯಾರೂ ಕೈ ಹಾಕಬಾರದು.

ರಿಪೇರಿ ಆಗುವವರೆಗೆ ಆ ಬಾತ್‌ರೂಮಿನ ತಣ್ಣೀರಿನ ಆ್ಯಂಗಲ್ ಕಾಕ್ ಮುಚ್ಚಿಡಿ. ಬೇಕಾದಾಗ ಬೇರೆ ನಲ್ಲಿಯಿಂದ ತಣ್ಣೀರು ಬಕೆಟ್ಟಿಗೆ ಹಿಡಿದು ಬೆರೆಸಿಕೊಳ್ಳಿ. ಕಾರಣ ಇದೇ ಆಗಿದ್ದರೆ, ಒಂದು ದಿನ ಒಳ್ಳೇ ಬಿಸಿಲು ಬಿದ್ದರೆ ಮರುದಿನ ಬೆಳಿಗ್ಗೆ ಅತ್ತೆಯವರಿಗೆ ಬಿಸಿನೀರು ಸಿಗುತ್ತದೆ.