ಮಿನ್ನಿಯಾಪೊಲಿಸ್‌ನ ಚಳಿಗೆ ಗ್ರೇಹೌಂಡ್ ಜಾತಿಯ ನಾಯಿ ತಡೆದುಕೊಳ್ಳುತ್ತದೆಯೇ? ಸ್ವೆಟರ್ ಹಾಕಬೇಕೇ?

ಹುಬ್ಬಳ್ಳಿಯ ನಿಮ್ಮ ಮನೆಯ ಮುಧೋಳ ನಾಯಿ ವರ್ಷವಿಡೀ ಜಗಲಿಯ ಮೇಲೆಯೇ ಮಲಗುತ್ತಿತ್ತು, ಇಲ್ಲಿ ದತ್ತು ತೆಗೆದುಕೊಂಡಿರುವ ಗ್ರೇಹೌಂಡ್ ಮಿಶ್ರತಳಿಗೆ ಇದು ಮೊದಲ ಚಳಿಗಾಲ, "ಮೈತುಂಬ ಕೂದಲಿರುವ ಪ್ರಾಣಿಗೆ ಅಂಗಿ ಯಾಕೆ?" ಎಂದು ಅತ್ತೆಯವರು ಕೇಳುತ್ತಾರೆ ಎಂದು ಬರೆದಿದ್ದೀರಿ. ಇದೇ ಊರಿನಲ್ಲಿ ನಾಯಿ ಸಾಕಿಕೊಂಡಿರುವವಳಾಗಿ ಹೇಳುತ್ತೇನೆ: ಅಂಗಿ ಬೇಕು. ಆದರೆ ನಿಮ್ಮ ತಲೆಬಿಸಿಯೆಲ್ಲ ಅಂಗಿಗೇ ಖರ್ಚಾಗದಿರಲಿ. ಇಲ್ಲಿನ ಚಳಿಗಾಲ ನಾಯಿಯನ್ನು ಹಿಡಿಯುವುದು ಮೈಯಿಂದಲ್ಲ, ಕಾಲಿನಿಂದ.

ಮೊದಲು ಅಂಗಿಯ ಮಾತು ಮುಗಿಸಿಬಿಡೋಣ. ಹಸ್ಕಿಯಂಥ ನಾಯಿಗೆ ಹೊರಗೂದಲಿನ ಕೆಳಗೆ ದಟ್ಟವಾದ ಇನ್ನೊಂದು ಪದರವಿರುತ್ತದೆ. ಗ್ರೇಹೌಂಡಿಗೂ ನಮ್ಮ ಮುಧೋಳಕ್ಕೂ ಅದು ಹೇಳಿಕೊಳ್ಳುವಷ್ಟಿಲ್ಲ. ಓಡುವುದಕ್ಕೆಂದೇ ಆದ ಮೈ, ಚರ್ಮ ತೆಳು, ಕೊಬ್ಬು ಕಡಿಮೆ. ಜನವರಿಯಲ್ಲಿ ಇಲ್ಲಿನ ರಾತ್ರಿಯ ಸರಾಸರಿ ಉಷ್ಣಾಂಶವೇ ಶೂನ್ಯಕ್ಕಿಂತ ಹತ್ತು ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ. ಎದೆ, ಹೊಟ್ಟೆ ಎರಡೂ ಮುಚ್ಚುವಂಥ, ಗಾಳಿ ತಡೆಯುವ ಕೋಟು ಕೊಳ್ಳಿ. ಉಣ್ಣೆಯ ಸ್ವೆಟರ್ ಹಿಮದಲ್ಲಿ ನೆನೆದರೆ ಹಾಕದೇ ಇರುವುದಕ್ಕಿಂತ ಕಷ್ಟ. ಮನೆಯೊಳಗೆ ಬಂದೊಡನೆ ಬಿಚ್ಚಿ. ಅತ್ತೆಯವರಿಗೆ ಒಂದು ಮಾತು ಹೇಳಿ: ಅಲಾಸ್ಕದ ಇಡಿಟರಾಡ್ ಸ್ಲೆಡ್ ಓಟದಲ್ಲಿ ಓಡುವ ನಾಯಿಗಳು ಹಿಮದಲ್ಲೇ ಹುಟ್ಟಿ ಬೆಳೆದಂಥವು, ಅವಕ್ಕೂ ತಲಾ ಎಂಟು ಕಾಲುಚೀಲ ಇರಲೇಬೇಕೆಂಬುದು ಅಲ್ಲಿನ ನಿಯಮ.

ಈಗ ಕಾಲು. ಹಿಮ ಬಿದ್ದ ಮರುಗಳಿಗೆಯೇ ಕಾಲುದಾರಿಯ ಮೇಲೆ ಉಪ್ಪು ಸುರಿಯುತ್ತಾರೆ. ಹರಳುಪ್ಪು ಪಾದದ ಮೆತ್ತೆಯನ್ನು ಒಣಗಿಸಿ ಸೀಳುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಖಾರ, ಕರಗುವಾಗ ಬಿಸಿಯಾಗುತ್ತದೆ. ನಾಯಿ ಮನೆಗೆ ಬಂದು ಪಾದ ನೆಕ್ಕಿದರೆ ಅದೆಲ್ಲ ಹೊಟ್ಟೆಗೆ, ಸಂಜೆ ವಾಂತಿ. ಬಾಗಿಲ ಬಳಿ ಒಂದು ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಪಕ್ಕದಲ್ಲಿ ಹಳೆಯ ಟವೆಲ್ ಇಟ್ಟುಕೊಳ್ಳಿ. ಒಂದೊಂದೇ ಪಾದವನ್ನು ಅದ್ದಿ, ಬೆರಳುಗಳನ್ನು ಅಗಲಿಸಿ ನೋಡಿ. ಅಲ್ಲಿ ಹಿಮ ಕಡಲೆಕಾಳಿನಷ್ಟು ಗಟ್ಟಿ ಉಂಡೆಗಳಾಗಿ ಕೂದಲಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ಎಳೆಯಬೇಡಿ, ನೀರಿನಲ್ಲಿ ತಾನೇ ಬಿಡುತ್ತದೆ. ತೇವ ಉಳಿಯದಂತೆ ಬೆರಳುಸಂದಿಯನ್ನೂ ಒರೆಸಿ.

ಬೂಟು ಹಾಕಿಸಿಕೊಂಡರೆ ಅದೇ ಒಳ್ಳೆಯದು. ಮೊದಲ ದಿನ ನಾಲ್ಕೂ ಕಾಲನ್ನು ಎತ್ತೆತ್ತಿ ಇಡುತ್ತಾ ನಿಮ್ಮನ್ನೇ ದುರುಗುಟ್ಟಿ ನೋಡುತ್ತದೆ. ಮನೆಯೊಳಗೇ ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿ. ಒಪ್ಪದಿದ್ದರೆ ಪಾದಕ್ಕೆಂದೇ ಸಿಗುವ ಮೇಣದ ಮುಲಾಮು ಹಚ್ಚಿ ಹೊರಡಿ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ನಮ್ಮವರೆಲ್ಲ ಕೇಳುತ್ತಾರೆ. ಹಚ್ಚಬಹುದು, ನೀವು ಬಾಗಿಲು ತೆಗೆಯುವುದರೊಳಗೆ ನೆಕ್ಕಿ ಮುಗಿಸಿರುತ್ತದೆ.

ನನಗೆ ನಿಜವಾಗಿ ಭಯವಿರುವುದು ಗ್ಯಾರೇಜಿನ ನೆಲದ ಬಗ್ಗೆ. ಕಾರಿನ ರೇಡಿಯೇಟರಿಗೆ ಹಾಕುವ ಆ್ಯಂಟಿಫ್ರೀಜ್‌ನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದರ ರುಚಿ ಸಿಹಿ, ಸೋರಿದ್ದನ್ನು ನಾಯಿ ಇಷ್ಟಪಟ್ಟು ನೆಕ್ಕುತ್ತದೆ. ಮೊದಲು ಕುಡಿದವರಂತೆ ತೂರಾಡುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಆ ಹೊತ್ತಿನಲ್ಲೇ ಮೂತ್ರಪಿಂಡ ಹಾಳಾಗುತ್ತಿರುತ್ತದೆ. ಪ್ರತಿವಿಷವಿದೆ, ಆದರೆ ಅದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ನೆಕ್ಕಿದ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ತುರ್ತು ಪಶುಚಿಕಿತ್ಸಾಲಯಕ್ಕೆ ಓಡಿ. ರಾತ್ರಿ ತೆರೆದಿರುವ ಚಿಕಿತ್ಸಾಲಯ ಯಾವುದೆಂದು ಈಗಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಎಷ್ಟು ಹೊತ್ತು ಹೊರಗಿರಬಹುದು ಎಂಬುದಕ್ಕೆ ಗಡಿಯಾರದ ಲೆಕ್ಕ ಕೇಳಬೇಡಿ. ಗಾಳಿ, ತೇವ, ನಾಯಿಯ ವಯಸ್ಸು ಎಲ್ಲವೂ ಸೇರುತ್ತವೆ. ನಾಯಿ ಪಾದ ಎತ್ತಿ ನಿಂತರೆ, ಬೆನ್ನು ಬಾಗಿಸಿದರೆ, ಮನೆಯ ದಿಕ್ಕಿಗೆ ತಿರುಗಿದರೆ ಅಲ್ಲಿಗೆ ನಡಿಗೆ ಮುಗಿಯಿತು. ನಡುಗುತ್ತಿದ್ದ ನಾಯಿ ನಡುಕ ನಿಲ್ಲಿಸಿ ಮಂಕಾದರೆ ಅದು ಸುಧಾರಣೆಯಲ್ಲ, ಅಪಾಯ. ನಾಯಿಯ ಮೈಯ ಸಹಜ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ; 37ಕ್ಕಿಂತ ಕೆಳಗಿಳಿದರೆ ಕಂಬಳಿಯಲ್ಲಿ ಸುತ್ತಿಕೊಂಡು ವೈದ್ಯರ ಬಳಿ ಹೋಗಿ. ಕಿವಿಯ ತುದಿಯೋ ಬಾಲದ ತುದಿಯೋ ಬಿಳಿಚಿ ತಣ್ಣಗೆ ಗಟ್ಟಿಯಾಗಿದ್ದರೆ ಉಜ್ಜಬಾರದು. ಉಜ್ಜಿದರೆ ಹೆಪ್ಪುಗಟ್ಟಿದ ಚರ್ಮಕ್ಕೆ ಇನ್ನಷ್ಟು ಗಾಯ.

2019ರ ಜನವರಿ 30ರಂದು ಇಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ದಿನ ನಾಯಿ ಮೂತ್ರಕ್ಕೆ ಹೋಗಿ ಬರುವುದಷ್ಟೇ ನಡಿಗೆ. ಅಂಗಳದಲ್ಲಿ ಒಂದು ಚಾಪೆಯಗಲ ಹುಲ್ಲು ಕಾಣುವಂತೆ ಹಿಮ ಸರಿಸಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಉಳಿದ ಹೊತ್ತಿಗೆ ಮಡಚಿದ ಟವೆಲ್ಲಿನೊಳಗೆ ತಿಂಡಿ ಬಚ್ಚಿಟ್ಟು ಹುಡುಕಿಸಿ, ಮೂಗಿನ ಕೆಲಸದಿಂದ ನಾಯಿ ಚೆನ್ನಾಗಿ ದಣಿಯುತ್ತದೆ. ಚಳಿ ಎಂದು ಊಟ ಹೆಚ್ಚಿಸಬೇಡಿ. ಹೊರಗೇ ಇದ್ದು ದುಡಿಯುವ ನಾಯಿಗೆ ಅದು ಬೇಕು, ಸೋಫಾದ ಮೇಲೆ ಮಲಗುವುದಕ್ಕಲ್ಲ.

ಹೆಪ್ಪುಗಟ್ಟಿದ ಕೆರೆಯ ಬಳಿ ಮಾತ್ರ ಹಗ್ಗ ಬಿಡಬೇಡಿ. ಮನುಷ್ಯರು ನಡೆಯಲು ಕನಿಷ್ಠ ನಾಲ್ಕು ಅಂಗುಲ ದಪ್ಪದ ಹೊಸ, ತಿಳಿ ಮಂಜುಗಡ್ಡೆ ಬೇಕೆನ್ನುತ್ತದೆ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅಳಿಲಿನ ಹಿಂದೆ ಓಡುವ ಗ್ರೇಹೌಂಡ್ ಅದನ್ನು ಅಳೆಯುವುದಿಲ್ಲ. ನೀರಿಗೆ ಬಿದ್ದರೆ ಅದರ ಹಿಂದೆ ನೀವೂ ಇಳಿಯುತ್ತೀರಿ.